ಆಳದ ನೀರಿನ ಗಾಳಕ್ಕೆ ಕೋಲು ಮತ್ತು ರೀಲುಗಳ ಆಯ್ಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಹೊಳೆಸಾಲಿನ ಗ್ರಾಮಗಳಲ್ಲಿ ಗಾಳ ಹಾಕಿ ಮೀನು ಹಿಡಿಯುವದು ಹೊಸ ಸಂಗತಿಯಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಭಾಗವೇ ಉಂಟು. ಮೀನುಗಳ ಬಗೆಗಳು, ಅವುಗಳಿಗೆ ಹಾಕತಕ್ಕ ಎರೆ, ಗಾಳ ಹಾಕುವ ಕ್ರಮ ಇವುಗಳನ್ನು ಆತನು ಅದರಲ್ಲಿ ವಿವರಿಸಿರುವನು. ಅರಸನಿಗೆ ವಿನೋದವಾಗಿದ್ದ ಈ ಕೆಲಸವು ಹೊಳೆಯ ದಂಡೆಯ ಅಂಬಿಗರಿಗೂ ಭೋಯಿಗಳಿಗೂ ಹೊಟ್ಟೆಯ ಪಾಡಾಗಿ ಬಂದಿದೆ. ಬಿಡುವಿನ ದಿನಗಳಲ್ಲಿ ಒಕ್ಕಲು ಮನೆತನದ ತರುಣರೂ ಗಾಳ ಹಿಡಿದು ದಂಡೆಗೆ ಹೋಗುವದುಂಟು.

ಆದರೆ ಸಾಮಾನುಗಳು ಮಾತ್ರ ಬದಲಾಗಿವೆ. ಹಿಂದೆ ಹಿತ್ತಲಿನ ಬಿದಿರು, ಹತ್ತಿಯ ಹುರಿ, ಕಮ್ಮಾರನು ಬಡಿದುಕೊಟ್ಟ ಕೊಂಡಿ ಇಷ್ಟರಲ್ಲಿ ಕೆಲಸ ಸಾಗುತ್ತಿತ್ತು. ಈಗ ಕಾರ್ಖಾನೆಯ ಕೋಲುಗಳೂ ರೀಲುಗಳೂ ಪೇಟೆಯಲ್ಲಿ ಹೇರಳವಾಗಿ ದೊರೆಯುತ್ತವೆ. ಬಣ್ಣ, ಹೊಳಪು, ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳು ಇವುಗಳಿಗೆ ಮರುಳಾಗಿ ಸಾಮಾನು ಕೊಂಡವನು ಒಂದೇ ಹಂಗಾಮಿನಲ್ಲಿ ಕೋಲು ಮುರಿದು, ರೀಲು ಬಿಗಿದು, ಮತ್ತೆ ಅಂಗಡಿಯ ಮೆಟ್ಟಿಲು ಹತ್ತಬೇಕಾಗುವದು. ಉಳ್ಳವನಿಗೆ ಇದು ಸಣ್ಣ ನಷ್ಟ. ಕೈಗಡ ಮಾಡಿ ಕೊಂಡ ಬಡ ಮೀನುಗಾರನಿಗೆ ಹಲವು ವಾರಗಳ ದುಡಿಮೆಯೇ ನೀರು ಪಾಲಾದಂತೆ. ಇಂಥ ಖರೀದಿಗೆ ಊರಿನ ಹಿರಿಯರಲ್ಲಿಯೂ ಭೂಮಾಲೀಕರಲ್ಲಿಯೂ ಸಲಹೆಯನ್ನೂ ಹಣವನ್ನೂ ಕೇಳುವದು ರೂಢಿಯಾದುದರಿಂದ, ಯಾವ ಸಾಮಾನು ಅಗ್ಗವಾಗಿದ್ದೂ ಬಾಳುವದು, ಯಾವದು ಬರಿಯ ತೋರಿಕೆಯದು ಎಂಬುದನ್ನು ಅವರು ತಿಳಿದಿರುವದು ಅವಶ್ಯ.

ಈ ಸೀಮೆಯ ನೀರಿನ ಸ್ವರೂಪ

ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆಯು ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಈ ಸೀಮೆಗೆ ಬರುವಳು. ನಿಪ್ಪಾಣಿಯ ಕಡೆಯ ವೇದಗಂಗೆಯು ದೂಧಗಂಗೆಯನ್ನು ಸೇರುವದು; ದೂಧಗಂಗೆಯು ಚಿಕ್ಕೋಡಿ ತಾಲೂಕಿನ ಕಲ್ಲೋಳದ ಬಳಿ ಕೃಷ್ಣೆಯಲ್ಲಿ ಬೆರೆಯುವದು. ಮುಂದೆ ಹೊಳೆಯು ಕಾಗವಾಡ, ರಾಯಬಾಗ, ಅಥಣಿ ತಾಲೂಕುಗಳ ಅಂಚಿನಲ್ಲಿ ಸಾಗಿ ಹಿಪ್ಪರಗಿಯ ಬ್ಯಾರೇಜಿನ ಹಿನ್ನೀರಿಗೆ ಇಳಿಯುವದು. ಬಾಂದಾರಗಳ ಹಿಂದೆ ನಿಂತ ನೀರೂ ಹೊಳೆಯ ತಿರುವುಗಳಲ್ಲಿಯ ಮಡುಗಳೂ ಈ ಸೀಮೆಯ ಆಳದ ನೀರು. ಮಳೆಗಾಲದಲ್ಲಿ ಹೊಳೆಯು ಕೆಂಪಾಗಿ ಉಕ್ಕಿ ಹರಿಯುವದು. ಕಡುಬೇಸಿಗೆಯಲ್ಲಿ ಕೆಲವು ವರ್ಷ ಹರಿವೇ ನಿಂತು ಮಡುಗಳು ಮಾತ್ರ ಉಳಿಯುವವು. ಇವಲ್ಲದೆ ಗ್ರಾಮದ ಕೆರೆಗಳೂ ಹೊಲಗಳಲ್ಲಿ ತೋಡಿದ ಕೃಷಿ ಹೊಂಡಗಳೂ ಉಂಟು.

ಈ ನೀರಿನಲ್ಲಿ ಎಲ್ಲ ಮೀನುಗಳೂ ಒಂದೇ ಆಳದಲ್ಲಿ ಮೇಯುವದಿಲ್ಲ. ಕಾಟ್ಲಾ ಮೀನು ಮೇಲ್ಪದರದಲ್ಲಿ, ರೋಹು ನಡುವಿನ ಪದರದಲ್ಲಿ, ಮೃಗಾಲ ಹಾಗೂ ಸಾಮಾನ್ಯ ಗೆಂಡೆ ತಳದಲ್ಲಿ ಆಹಾರ ಹುಡುಕುವವು. ಬಾಳೆಮೀನೆಂಬ ದೊಡ್ಡ ಬಾಯಿಯ ಬೇಟೆಮೀನು ದಂಡೆಯ ಬುಡದ ಪೊಟರೆಗಳಲ್ಲಿಯೂ ಮಡುವಿನ ಆಳದಲ್ಲಿಯೂ ಅಡಗಿದ್ದು ಕತ್ತಲಾದ ಮೇಲೆ ಹೊರಬೀಳುವದು. ಅದು ಒಂದು ಮೀಟರಿಗೂ ಮಿಕ್ಕಿ ಬೆಳೆಯಬಲ್ಲದು. ಆದುದರಿಂದ ಎರೆಯನ್ನು ಬೇಕಾದ ಆಳಕ್ಕೆ ಇಳಿಸಿ ಅಲ್ಲಿಯೇ ನಿಲ್ಲಿಸುವದು ಈ ಕಸುಬಿನ ಮೊದಲನೆಯ ಪ್ರಶ್ನೆ. ಕೋಲು, ರೀಲುಗಳ ಆಯ್ಕೆಯು ಈ ಪ್ರಶ್ನೆಯಿಂದಲೇ ಹೊರಡುವದು.

ಇಳಿಗುಂಡಿನ ಪದ್ಧತಿ

ಉತ್ತರ ಅಮೇರಿಕೆಯ ಮಹಾ ಸರೋವರಗಳಲ್ಲಿ ಈ ಪ್ರಶ್ನೆಗೆ ಕಂಡುಕೊಂಡ ಉಪಾಯಕ್ಕೆ ‘ಡೌನ್‌ರಿಗರ್’ ಎಂಬ ಹೆಸರು. ಕನ್ನಡದಲ್ಲಿ ಅದನ್ನು ಇಳಿಗುಂಡು ಎನ್ನಬಹುದು. ಅಲ್ಲಿ 1966ರಲ್ಲಿ ಮಿಶಿಗನ್ ಸರೋವರದ ಸೀಮೆಯಲ್ಲಿ ಸಾಲ್ಮನ್ ಜಾತಿಯ ಮರಿಗಳನ್ನು ಬಿಟ್ಟ ತರುವಾಯ ಆಳದ ಗಾಳಗಾರಿಕೆಯು ಬಹಳ ಬೆಳೆಯಿತು. ಆ ಮೀನುಗಳು ತಂಪು ನೀರನ್ನು ಬಯಸುವವು. ಬೇಸಿಗೆಯಲ್ಲಿ ತಂಪು ನೀರು ಬಹು ಆಳದಲ್ಲಿರುವದು.

ಪದ್ಧತಿಯ ಕ್ರಮ ಹೀಗಿದೆ. ದೋಣಿಯ ಅಂಚಿಗೆ ಒಂದು ಸಣ್ಣ ರಾಟೆಯನ್ನು ಕೂಡಿಸಿ, ಅದರ ತಂತಿಯ ತುದಿಗೆ ನಾಲ್ಕೈದು ಕಿಲೋ ತೂಕದ ಗುಂಡನ್ನು ಕಟ್ಟುವರು. ಗುಂಡಿನ ಬಳಿ ಒಂದು ಚಿಮಟವಿರುವದು. ಗಾಳದ ದಾರವನ್ನು ಅದರಲ್ಲಿ ಕಚ್ಚಿಸಿ ಗುಂಡನ್ನು ಬೇಕಾದ ಆಳಕ್ಕೆ ಇಳಿಸುವರು. ಗುಂಡಿನ ಭಾರವನ್ನು ತಂತಿಯೇ ಹೊರುವದು, ಕೋಲು ಹೊರುವದಿಲ್ಲ. ಬಳಿಕ ದಾರವನ್ನು ಬಿಗಿಯಾಗಿ ಸುತ್ತಿ, ಕೋಲು ಬಿಲ್ಲಿನಂತೆ ಬಾಗಿರುವಾಗ ಅದನ್ನು ಹಿಡಿಕೆಯಲ್ಲಿ ನಿಲ್ಲಿಸಿ ದೋಣಿಯನ್ನು ಮೆಲ್ಲನೆ ನಡೆಸುವರು. ಮೀನು ಕಚ್ಚಿದ ಕೂಡಲೆ ದಾರವು ಚಿಮಟದಿಂದ ಬಿಡಿಸಿಕೊಳ್ಳುವದು. ಬಾಗಿದ್ದ ಕೋಲು ಥಟ್ಟನೆ ನೆಟ್ಟಗಾಗಿ ಸಡಿಲಾದ ದಾರವನ್ನು ಎಳೆದುಕೊಳ್ಳುವದು. ಆ ಬಳಿಕ ಮೀನಿಗೂ ಮನುಷ್ಯನಿಗೂ ನಡುವೆ ಯಾವ ಭಾರವೂ ಉಳಿಯದು.

ಈ ಸೀಮೆಯಲ್ಲಿ ಅಷ್ಟು ಆಳವೂ ಇಲ್ಲ, ಇಂಜಿನಿನ ದೋಣಿಗೆ ಖರ್ಚು ಮಾಡುವ ಕಾರಣವೂ ಇಲ್ಲ. ಆದರೆ ಅದರ ತತ್ತ್ವವು ಇಲ್ಲಿಗೂ ಹೊಂದುವದು. ಅಲ್ಲಿ ನೀರು ನಿಂತಿರುವದು, ದೋಣಿ ಚಲಿಸುವದು; ಇಲ್ಲಿ ದೋಣಿಯನ್ನು ಕಲ್ಲುಕಟ್ಟಿ ನಿಲ್ಲಿಸಿದರೆ ಹೊಳೆಯ ನೀರೇ ಚಲಿಸಿ ಎರೆಯನ್ನು ಆಡಿಸುವದು. ಗಟ್ಟಿಯಾದ ಒಂದು ಹುರಿ, ಒಂದೆರಡು ಕಿಲೋ ತೂಕದ ಕಲ್ಲು, ಕಲ್ಲಿನಿಂದ ಒಂದು ಮೊಳ ಮೇಲೆ ಕಟ್ಟಿದ ಬಟ್ಟೆ ಒಣಹಾಕುವ ಚಿಮಟ ಇಷ್ಟಿದ್ದರೆ ಇಳಿಗುಂಡು ಸಿದ್ಧವಾದಂತೆಯೇ. ಹುರಿಗೆ ಮಾರಿಗೊಂದರಂತೆ ಬಣ್ಣದ ನೂಲಿನ ಗಂಟು ಹಾಕಿಟ್ಟರೆ ಎರೆಯು ಎಷ್ಟು ಆಳದಲ್ಲಿದೆ ಎಂಬುದು ಕತ್ತಲೆಯಲ್ಲಿಯೂ ಕೈಗೆ ತಿಳಿಯುವದು. ಕಲ್ಲು ಬಂಡೆಯಲ್ಲಿ ಸಿಕ್ಕಿಕೊಂಡರೆ ಹುರಿಯನ್ನು ಕೊಯ್ದು ಬಿಡಬಹುದು. ನಷ್ಟವಾಗುವದು ಒಂದು ಕಲ್ಲು, ಒಂದು ಚಿಮಟ ಮಾತ್ರ.

ಯಂತ್ರವನ್ನು ಕೊಳ್ಳುವ ಅವಶ್ಯವಿಲ್ಲವೆಂದ ಮೇಲೆ ಹಣ ಹಾಕತಕ್ಕ ವಸ್ತುಗಳು ಮೂರೇ ಉಳಿದವು: ಕೋಲು, ರೀಲು, ದಾರ.

ಕೋಲು

ಪೇಟೆಯಲ್ಲಿ ಮೂರು ಜಾತಿಯ ಕೋಲುಗಳು ದೊರೆಯುತ್ತವೆ. ಬಿದಿರಿನದು ಎಲ್ಲಕ್ಕಿಂತ ಹಳೆಯದು. ಗಾಜಿನ ಎಳೆಗಳನ್ನು ರಾಳದಲ್ಲಿ ಕೂಡಿಸಿ ಮಾಡಿದ ಫೈಬರ್‌ಗ್ಲಾಸ್ ಕೋಲು ಎರಡನೆಯ ಮಹಾಯುದ್ಧದ ತರುವಾಯ ಬಳಕೆಗೆ ಬಂದಿತು. ಕಾರ್ಬನ್ ಎಳೆಯ ಕೋಲು 1970ರ ದಶಕದಿಂದ ಈಚಿನದು. ಇದನ್ನೇ ಗ್ರಾಫೈಟ್ ಎಂದೂ ಮಾರುವರು.

ಕಾರ್ಬನ್ ಕೋಲು ಹಗುರು, ಚುರುಕು. ದಿನವೆಲ್ಲ ಕೈಯಲ್ಲಿ ಹಿಡಿದು ಮೇಲಿಂದ ಮೇಲೆ ಎರೆ ಎಸೆಯುವವನಿಗೆ ಅದು ಸುಖಕರವೇ ಸರಿ. ಆದರೆ ಅದು ಪೆಟ್ಟನ್ನು ತಾಳದು. ದೋಣಿಯ ಅಂಚಿಗೆ ಬಡಿದು, ಕಲ್ಲಿಗೆ ಉಜ್ಜಿ ಕಣ್ಣಿಗೆ ಕಾಣದಷ್ಟು ಗಾಯವಾದರೂ ಮುಂದೊಂದು ದಿನ ದೊಡ್ಡ ಮೀನು ಎಳೆಯುವಾಗ ಅಲ್ಲಿಯೇ ಮುರಿಯುವದು. ಇಳಿಗುಂಡಿನ ಕೆಲಸದಲ್ಲಿ ಕೋಲು ಗಂಟೆಗಟ್ಟಲೆ ಬಾಗಿಯೇ ಇರುವದು. ಬೇಕಾದದ್ದು ಚುರುಕಲ್ಲ, ತಾಳ್ಮೆ. ಆ ಗುಣವು ಫೈಬರ್‌ಗ್ಲಾಸಿನಲ್ಲಿ ಹೆಚ್ಚು. ಅದು ತುಸು ಭಾರ, ತುಸು ಮಂದ. ಆದರೆ ತುದಿಯಿಂದ ನಡುವಿನವರೆಗೆ ಸಮನಾಗಿ ಬಾಗಿ ಮತ್ತೆ ನೆಟ್ಟಗಾಗುವದು. ಮಹಾ ಸರೋವರಗಳಲ್ಲಿಯೂ ಈ ಕೆಲಸಕ್ಕೆ ಗಾಜಿನ ಎಳೆಯ ಅಥವಾ ಗಾಜು-ಕಾರ್ಬನ್ ಬೆರಕೆಯ ಮೆತ್ತನೆಯ ಕೋಲುಗಳನ್ನೇ ಬಹುವಾಗಿ ಬಳಸುವರು. ಫೈಬರ್‌ಗ್ಲಾಸಿನ ಬೆಲೆಯೂ ಸಾಮಾನ್ಯವಾಗಿ ಕಾರ್ಬನ್ನಿಗಿಂತ ಕಡಿಮೆ. ಹೀಗೆ ಅಗ್ಗದ ವಸ್ತುವೇ ಬಾಳಿಕೆಯ ವಸ್ತುವೂ ಆಗಿರುವ ಅಪರೂಪದ ಪ್ರಸಂಗವಿದು.

ಉದ್ದದ ವಿಷಯ: ಸರೋವರಗಳಲ್ಲಿ ಎಂಟು ಒಂಬತ್ತು ಅಡಿಯ ಕೋಲುಗಳು ರೂಢಿಯಲ್ಲಿವೆ. ಸಣ್ಣ ದೋಣಿಯಲ್ಲಿಯೂ ಹರಿಗೋಲಿನಲ್ಲಿಯೂ ಆರು ಏಳು ಅಡಿಯ ಕೋಲು ಹೆಚ್ಚು ಅನುಕೂಲ. ದಂಡೆಯಿಂದ ಹಾಕುವದಾದರೆ ಒಂಬತ್ತು ಅಡಿಯಾದರೂ ಇರಬೇಕು. ಎರಡು ತುಂಡಿನ ಕೋಲನ್ನೇ ಆರಿಸುವದು ಒಳ್ಳೆಯದು. ದುರ್ಬೀನಿನಂತೆ ಒಂದರೊಳಗೊಂದು ಸೇರುವ ಐದಾರು ತುಂಡುಗಳ ಕೋಲು ಒಯ್ಯಲು ಸುಲಭವಾದರೂ ಅದರ ಸಂದುಗಳಲ್ಲಿ ಹೊಳೆಯ ಸಣ್ಣ ಮರಳು ಸೇರಿ ಬಿಗಿದುಕೊಳ್ಳುವದು. ಒತ್ತಿ ಬಿಡಿಸಹೋದರೆ ಸೀಳುವದು.

ಬಿದಿರನ್ನು ತಿರಸ್ಕರಿಸಬೇಕಾದ ಕಾರಣವಿಲ್ಲ. ಒಳಗೆ ಟೊಳ್ಳು ಕಡಿಮೆಯಿರುವ ಗಂಡುಬಿದಿರಿನ ಬಲಿತ ಗಳವನ್ನು ಕಡಿದು, ನೆರಳಿನಲ್ಲಿ ಒಣಗಿಸಿ, ಗೆಣ್ಣುಗಳನ್ನು ನುಣುಪು ಮಾಡಿ, ಗೆಣ್ಣಿನ ಎರಡೂ ಪಕ್ಕಗಳಿಗೆ ನೂಲು ಸುತ್ತಿ, ಅಗಸೆ ಎಣ್ಣೆಯನ್ನು ಎರಡು ಮೂರು ಸಲ ಉಣಿಸಿದರೆ ಹಲವು ಹಂಗಾಮು ಬಾಳುವದು. ರೀಲಿಲ್ಲದೆ ಬೆಂಡು ಕಟ್ಟಿ ಕೆರೆಯಲ್ಲಿ ಗಾಳ ಹಾಕುವವನಿಗೆ ಇದಕ್ಕಿಂತ ಅಗ್ಗವಾದ ಕೋಲು ಇಲ್ಲ.

ಕೋಲಿನ ಉಂಗುರಗಳು

ಕೋಲು ಕೊಳ್ಳುವವರು ಬಹುಶಃ ನೋಡದೆ ಬಿಡುವ ಭಾಗವು ದಾರ ಹಾಯುವ ಉಂಗುರಗಳು. ದಾರವು ಸವೆಯುವದು ಇಲ್ಲಿಯೇ. ಕೆಲವು ಉಂಗುರಗಳ ಒಳಗೆ ಪಿಂಗಾಣಿಯಂಥ ಬಿರುಸಾದ ಬಳೆ ಇರುವದು. ಅದು ನುಣುಪಾಗಿದ್ದು ದಾರವನ್ನು ಕಾಯುವದು, ಆದರೆ ಬಡಿದರೆ ಬಿರಿಯುವದು. ಬಿರುಕನ್ನು ಕಣ್ಣಿನಿಂದ ಕಾಣುವದು ಕಷ್ಟ. ಒಂದು ಚಿಟಿಕೆ ಅರಳೆಯನ್ನು ಉಂಗುರದೊಳಗೆ ಸುತ್ತ ಆಡಿಸಿದರೆ ಬಿರುಕಿದ್ದಲ್ಲಿ ಅರಳೆಯ ಎಳೆ ಸಿಕ್ಕಿಕೊಳ್ಳುವದು. ಹೀಗೆ ಎಳೆ ಹಿಡಿಯುವ ಕೋಲನ್ನು ಅಂಗಡಿಯಲ್ಲಿಯೇ ಬಿಟ್ಟು ಬರತಕ್ಕದ್ದು.

ಉಂಗುರಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಅವುಗಳನ್ನು ಕಟ್ಟಿದ ನೂಲಿನ ಮೇಲೆ ಅರಗಿನ ಹೊದಿಕೆ ಪೂರ್ತಿಯಾಗಿರಬೇಕು. ರೀಲನ್ನು ಕೂಡಿಸುವ ತಿರುಪು ಪ್ಲಾಸ್ಟಿಕ್ಕಿನದಾದರೆ ಅದರ ಮರೆಗಳು ಬೇಗ ಸವೆಯುವವು. ಲೋಹದ ಪಟ್ಟಿಯಿದ್ದರೆ ಮೇಲು.

ರೀಲು

ರೀಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ದಾರ ಸುತ್ತಿದ ಉರುಳೆಯು ನಿಂತಲ್ಲಿಯೇ ಇದ್ದು, ಒಂದು ತಂತಿಯ ಬಳೆ ಅದರ ಸುತ್ತ ತಿರುಗಿ ದಾರವನ್ನು ಸುತ್ತುವದು. ಇದನ್ನು ಸ್ಪಿನ್ನಿಂಗ್ ರೀಲು ಎನ್ನುವರು. ಇದು ಕೋಲಿನ ಕೆಳಗೆ ತೂಗಾಡುವದು. ಇನ್ನೊಂದರಲ್ಲಿ ಬಾವಿಯ ರಾಟೆಯಂತೆ ಉರುಳೆಯೇ ತಿರುಗುವದು. ಇದು ಕೋಲಿನ ಮೇಲೆ ಕೂಡುವದು. ಇದಕ್ಕೆ ಬೇಟ್‌ಕಾಸ್ಟಿಂಗ್, ಟ್ರೋಲಿಂಗ್ ಮುಂತಾದ ಹೆಸರುಗಳುಂಟು.

ಸ್ಪಿನ್ನಿಂಗ್ ರೀಲನ್ನು ಕಲಿಯುವದು ಸುಲಭ; ಹಗುರಾದ ಎರೆಯನ್ನು ದೂರ ಎಸೆಯಲು ಅದೇ ತಕ್ಕದ್ದು. ದಂಡೆಯಿಂದಲೂ ದೋಣಿಯಿಂದಲೂ ಒಂದೇ ರೀಲನ್ನು ಬಳಸಬೇಕಾದವನು ಇದನ್ನು ಕೊಳ್ಳಬಹುದು. ಆದರೆ ಅದರ ತಂತಿಯ ಬಳೆ, ಬಳೆಯ ಸ್ಪ್ರಿಂಗು ಇವು ಬಲಹೀನವಾದ ಅಂಗಗಳು. ದಾರಕ್ಕೆ ತಿರುಚು ಬೀಳುವ ದೋಷವೂ ಉಂಟು. ನೆಟ್ಟಗೆ ಕೆಳಗೆ ಇಳಿಸಿ ಮೇಲಕ್ಕೆ ಎತ್ತುವ ಆಳದ ಕೆಲಸಕ್ಕೆ ತಿರುಗುವ ಉರುಳೆಯ ರೀಲೇ ಹೆಚ್ಚು ಗಟ್ಟಿ. ಅದನ್ನು ಎಸೆಯಲು ಬಳಸಿದಾಗ ಉರುಳೆಯು ದಾರಕ್ಕಿಂತ ವೇಗವಾಗಿ ತಿರುಗಿ ಗೂಡು ಕಟ್ಟುವ ಭಯವಿದೆ. ಬರಿಯ ಇಳಿಸುವ ಕೆಲಸದಲ್ಲಿ ಹೆಬ್ಬೆರಳನ್ನು ಉರುಳೆಯ ಮೇಲಿಟ್ಟರೆ ಆ ಭಯವಿಲ್ಲ. ಕೆಲವು ರೀಲುಗಳಲ್ಲಿ ಇಳಿದ ದಾರವನ್ನು ಎಣಿಸುವ ಗಡಿಯಾರವಿರುವದು. ಮೇಲೆ ಹೇಳಿದಂತೆ ಹುರಿಗೆ ಗಂಟು ಹಾಕಿದವನಿಗೆ ಅದಕ್ಕೆ ಹಣ ಕೊಡುವ ಕಾರಣವಿಲ್ಲ.

ರೀಲಿನ ಜೀವವು ಅದರ ತಡೆಯಲ್ಲಿದೆ. ದಾರ ಹರಿಯುವಷ್ಟು ಬಲವಾಗಿ ಮೀನು ಎಳೆಯುವ ಮೊದಲೇ ಉರುಳೆಯು ಜಾರಿ ದಾರವನ್ನು ಬಿಟ್ಟುಕೊಡಬೇಕು. ಈ ತಡೆಯನ್ನು ದಾರದ ತಾಳುವ ಬಲದ ನಾಲ್ಕನೆಯ ಒಂದಂಶದಿಂದ ಮೂರನೆಯ ಒಂದಂಶದವರೆಗೆ ಬಿಗಿಮಾಡುವದು ವಾಡಿಕೆ. ಉದಾಹರಣೆಗೆ, 8 ಕಿಲೋ ತಾಳುವ ದಾರವಿದ್ದರೆ ಅದರ ತುದಿಯನ್ನು ಸ್ಪ್ರಿಂಗ್ ತಕ್ಕಡಿಯ ಕೊಂಡಿಗೆ ಕಟ್ಟಿ ಎಳೆದಾಗ ಮುಳ್ಳು 2 ಕಿಲೋ ಮುಟ್ಟಿದ ಕೂಡಲೆ ಉರುಳೆಯು ಜಾರಬೇಕು. ಅದು ಜಗ್ಗಾಡದೆ, ಬೆಣ್ಣೆ ಹಚ್ಚಿದಂತೆ ಸಮನಾಗಿ ಜಾರಬೇಕೆಂಬುದು ಮುಖ್ಯ. ಅಂಗಡಿಯಲ್ಲಿ ಈ ಒಂದು ಪರೀಕ್ಷೆಯನ್ನು ಮಾಡಿದರೆ ಪೆಟ್ಟಿಗೆಯ ಮೇಲಿನ ಎಲ್ಲ ಬರಹಕ್ಕಿಂತ ಹೆಚ್ಚು ತಿಳಿಯುವದು.

ಬೇರಿಂಗುಗಳ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಮಾರುವದು ಸಾಮಾನ್ಯ. ಹತ್ತು ಕಳಪೆ ಬೇರಿಂಗುಗಳಿಗಿಂತ ಮೂರು ಒಳ್ಳೆಯವು ಮೇಲು. ಅದರಂತೆ ಸಮುದ್ರದ ಉಪ್ಪುನೀರನ್ನು ತಾಳುವದೆಂಬ ಗುಣಕ್ಕೆ ಹೆಚ್ಚಿನ ಬೆಲೆ ಕೊಡುವದು ಈ ಸೀಮೆಯವರಿಗೆ ವ್ಯರ್ಥ. ಕೃಷ್ಣೆಯ ನೀರು ಸಿಹಿ. ಇಲ್ಲಿ ರೀಲಿನ ವೈರಿ ಉಪ್ಪಲ್ಲ, ಮರಳು ಮತ್ತು ಮಣ್ಣು. ಆದುದರಿಂದ ತಿರುಪು ಬಿಚ್ಚಿ ಒಳಭಾಗವನ್ನು ಒರೆಸಲು ಬರುವಂಥ, ಬಿಡಿ ಭಾಗಗಳು ಸಮೀಪದಲ್ಲಿ ದೊರೆಯುವಂಥ ಸಾದಾ ರೀಲೇ ಬಾಳಿಕೆಯದು. ರಿಪೇರಿ ಮಾಡಲು ಬಾರದ ವಸ್ತುವು ಎಷ್ಟು ಅಗ್ಗವಾದರೂ ದುಬಾರಿಯೇ.

ದಾರ, ತೂಕ, ಗಾಳ

1935ರಲ್ಲಿ ಅಮೇರಿಕೆಯಲ್ಲಿ ನೈಲಾನು ಕಂಡುಹಿಡಿಯಲ್ಪಟ್ಟ ಬಳಿಕ ಹತ್ತಿಯ ಹಾಗೂ ರೇಶಿಮೆಯ ದಾರಗಳು ಹಿಂದೆ ಬಿದ್ದವು. ಒಂಟಿ ಎಳೆಯ ನೈಲಾನು ಅಗ್ಗ. ಅದು ತುಸು ಹಿಗ್ಗುವದರಿಂದ ಮೀನಿನ ಹಠಾತ್ ಜಗ್ಗನ್ನು ತಾಳಿಕೊಳ್ಳುವದು. ಹೆಣೆದ ಹೊಸ ಜಾತಿಯ ದಾರಗಳು ತೆಳುವಾಗಿದ್ದೂ ಬಹು ಬಲವುಳ್ಳವು. ಆದರೆ ಅವು ಹಿಗ್ಗುವದಿಲ್ಲ, ಅಗ್ಗದ ಉಂಗುರಗಳನ್ನು ಗರಗಸದಂತೆ ಕೊರೆಯುವವು, ಬೆರಳನ್ನೂ ಕೊಯ್ಯುವವು. ಇಳಿಗುಂಡಿಗೆ ನೈಲಾನೇ ಸಾಕು. ನಮ್ಮ ಹೊಳೆ-ಕೆರೆಗಳಿಗೆ ನೂರು ಮೀಟರು ದಾರ ಹಿಡಿಯುವ ರೀಲು ಸಾಲುವದು.

ನೈಲಾನಿಗೆ ಬಿಸಿಲು ಶತ್ರು. ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ದಾರವು ನೋಡಲು ಚೆನ್ನಾಗಿದ್ದರೂ ಬಲ ಕಳೆದುಕೊಂಡಿರುವದು. ನೀರಿನಲ್ಲಿ ನೆನೆದಾಗಲೂ ಗಂಟು ಹಾಕಿದಲ್ಲಿಯೂ ಅದರ ಬಲ ಸ್ವಲ್ಪ ಕುಗ್ಗುವದು. ಗಂಟನ್ನು ನೀರು ಮುಟ್ಟಿಸಿ ಒದ್ದೆ ಮಾಡಿ ಬಿಗಿದರೆ ಕಾವೇರದೆ ಗಟ್ಟಿಯಾಗುವದು. ಕೋಲನ್ನು ಹತ್ತು ವರ್ಷ ಬಳಸಿದರೂ ದಾರವನ್ನು ಪ್ರತಿ ಹಂಗಾಮಿಗೆ ಹೊಸದು ಮಾಡುವದೇ ನಿಜವಾದ ಉಳಿತಾಯ. ಏಕೆಂದರೆ ಹಳೆಯ ದಾರ ಹರಿದರೆ ಮೀನೂ ಗಾಳವೂ ಒಟ್ಟಿಗೆ ಹೋಗುವವು. ಹರಿದ ದಾರವನ್ನು ದಂಡೆಯಲ್ಲಿ ಚೆಲ್ಲಬಾರದು; ಅದು ಹಕ್ಕಿಗಳ ಕಾಲಿಗೂ ಮೇಯುವ ದನಗಳ ಹೊಟ್ಟೆಗೂ ಸೇರುವದು.

ತೂಕಕ್ಕಾಗಿ ಸೀಸವನ್ನು ಕೊಳ್ಳಲೇಬೇಕೆಂದಿಲ್ಲ. ಸೀಸವು ವಿಷ, ಅದನ್ನು ಹಲ್ಲಿನಿಂದ ಕಚ್ಚಿ ಬಿಗಿಯುವ ರೂಢಿಯನ್ನು ಬಿಡಿಸತಕ್ಕದ್ದು. ಪಂಪಸೆಟ್ಟು ರಿಪೇರಿಯ ಅಂಗಡಿಯಲ್ಲಿ ಬಿದ್ದಿರುವ ಹಳೆಯ ಕಬ್ಬಿಣದ ನಟ್ಟುಗಳು ಅದೇ ಕೆಲಸವನ್ನು ಮಾಡುವವು. ಗಾಳಗಳ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಬೇಕು. ಜಾರಿದರೆ ಮೊಂಡು, ಕಚ್ಚಿದರೆ ಹರಿತ.

ಕೊಳ್ಳುವಾಗ ಮಾಡತಕ್ಕ ಪರೀಕ್ಷೆ

ಎತ್ತನ್ನು ಕೊಳ್ಳುವಾಗ ಹಲ್ಲು, ಗೊರಸು, ನಡಿಗೆಗಳನ್ನು ನೋಡದೆ ಹಗ್ಗ ಹಿಡಿಯುವ ರೈತನಿಲ್ಲ. ಇಲ್ಲಿಯೂ ಅದೇ ಎಚ್ಚರ ಬೇಕು.

1. ಕೋಲಿನ ತುದಿಯನ್ನು ಇನ್ನೊಬ್ಬನ ಕೈಯಲ್ಲಿ ಕೊಟ್ಟು ಮೆಲ್ಲನೆ ಬಾಗಿಸುವದು. ಬಾಗು ಸಮನಾಗಿರಬೇಕು, ಒಂದೇ ಕಡೆ ಮುರುಕು ಕಾಣಬಾರದು, ಚಿಟಿಚಿಟಿ ಸಪ್ಪಳ ಕೇಳಬಾರದು.

2. ಎರಡು ತುಂಡುಗಳನ್ನು ಕೂಡಿಸಿ ಅಲುಗಿಸುವದು. ಸಂದಿನಲ್ಲಿ ಅಲುಗಾಟವಿದ್ದರೆ ಬೇಡ.

3. ಪ್ರತಿ ಉಂಗುರಕ್ಕೂ ಅರಳೆಯ ಪರೀಕ್ಷೆ ಮಾಡುವದು.

4. ರೀಲನ್ನು ಕೋಲಿಗೆ ಕೂಡಿಸಿ ಹಿಡಿಕೆಯನ್ನು ಮೆಲ್ಲಗೂ ವೇಗವಾಗಿಯೂ ತಿರುಗಿಸುವದು. ಕರಕರ ಸಪ್ಪಳವಾಗಲಿ ಹಿಡಿಕೆಯ ತೂಗಾಟವಾಗಲಿ ಇರಬಾರದು.

5. ತಡೆಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಪರೀಕ್ಷಿಸುವದು.

6. ಸ್ಪ್ರಿಂಗು, ಹಿಡಿಕೆ, ಹೆಚ್ಚಿನ ಉರುಳೆ ಇವು ಬಿಡಿಯಾಗಿ ಸಿಗುವವೋ ಎಂದು ಕೇಳಿ, ರಸೀದಿಯನ್ನು ಪಡೆಯುವದು.

ಕೈಯಲ್ಲಿರುವ ಹಣವನ್ನು ನಾಲ್ಕು ಪಾಲು ಮಾಡಿದರೆ ಎರಡನ್ನು ರೀಲಿಗೂ, ಒಂದನ್ನು ಕೋಲಿಗೂ, ಉಳಿದ ಒಂದನ್ನು ದಾರ-ಗಾಳಗಳಿಗೂ ಇಡುವದು ಯೋಗ್ಯ. ಹೊಳಪಿನ ಕೋಲಿಗೆ ಮೂರು ಪಾಲು ಸುರಿದು ರೀಲಿನಲ್ಲಿ ಕೈ ಬಿಗಿಹಿಡಿದವನಿಗೆ ಎರಡೂ ದಕ್ಕುವದಿಲ್ಲ.

ಕಾಪಾಡುವ ಕ್ರಮ

ಕೆಲಸ ಮುಗಿದ ಮೇಲೆ ಕೋಲನ್ನೂ ರೀಲನ್ನೂ ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸುವದು. ರೀಲನ್ನು ಹೊಳೆಯಲ್ಲಿ ಮುಳುಗಿಸಿ ತೊಳೆಯಬಾರದು. ಮರಳು ಒಳಗೆ ಹೋಗುವದು. ಇಡುವ ಮೊದಲು ತಡೆಯ ತಿರುಪನ್ನು ಪೂರ್ತಿಯಾಗಿ ಸಡಿಲಿಸಬೇಕು; ಬಿಗಿದಿಟ್ಟರೆ ಒಳಗಿನ ಬಿಲ್ಲೆಗಳು ಅಂಟಿಕೊಂಡು ತಡೆಯು ಜಗ್ಗಾಡಹತ್ತುವದು. ಹಂಗಾಮಿಗೊಮ್ಮೆ ಹಲ್ಲುಗಾಲಿಗಳಿಗೆ ತುಸು ಗ್ರೀಸು, ಅಚ್ಚಿಗೆ ಒಂದು ಹನಿ ತೆಳು ಎಣ್ಣೆ ಸಾಕು. ಅಡಿಗೆಯ ಎಣ್ಣೆಯನ್ನು ಹಾಕಬಾರದು. ಅದು ಕೆಲವು ದಿನಗಳಲ್ಲಿ ಅಂಟಾಗುವದು. ಕೋಲನ್ನು ಗೋಡೆಗೆ ಒರಗಿಸಿಟ್ಟರೆ ಬಾಗುವದು. ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡಬೇಕು.

ಕೃಷಿ ಹೊಂಡಗಳಲ್ಲಿ

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಇಳಿಗುಂಡನ್ನಾಗಲಿ ಭಾರವಾದ ತೂಕವನ್ನಾಗಲಿ ಬಳಸಬಾರದು. ಗಾಳವು ತಳಕ್ಕೆ ತಾಗಿ ಹಾಳೆಯನ್ನು ಸೀಳಿದರೆ ಹಿಡಿದ ಮೀನಿನ ಬೆಲೆಗಿಂತ ಇಂಗಿಹೋದ ನೀರಿನ ಬೆಲೆ ಹೆಚ್ಚಾಗುವದು. ಅಲ್ಲಿ ಬೆಂಡು ಕಟ್ಟಿದ ಬಿದಿರ ಕೋಲೇ ಸಾಕು. ಹಾಳೆಯ ಇಳಿಜಾರು ಜಾರುವದರಿಂದ ಬಿದ್ದವನು ಈಜು ಬಲ್ಲವನಾದರೂ ಮೇಲೆ ಹತ್ತಲಾರನು. ಗಂಟು ಹಾಕಿದ ಹಗ್ಗವೊಂದನ್ನು ದಂಡೆಯ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡುವದು ಪ್ರತಿಯೊಬ್ಬ ಹೊಂಡದ ಮಾಲೀಕನ ಕರ್ತವ್ಯ.

ಪ್ರಾಣಕ್ಕೆ ಸಂಬಂಧಪಟ್ಟ ಎಚ್ಚರಿಕೆಗಳು

ಸಾಮಾನು ಹೋದರೆ ಮತ್ತೆ ಕೊಳ್ಳಬಹುದು. ಈ ಕೆಳಗಿನ ಸಂಗತಿಗಳಲ್ಲಿ ತಪ್ಪಿದರೆ ಎರಡನೆಯ ಅವಕಾಶವಿಲ್ಲ.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯುದ್ದಕ್ಕೂ ಕಬ್ಬಿನ ಹೊಲಗಳಿಗೆ ನೀರೆತ್ತುವ ಪಂಪುಗಳೂ ಅವುಗಳ ವಿದ್ಯುತ್ ತಂತಿಗಳೂ ದಟ್ಟವಾಗಿವೆ. ಕಾರ್ಬನ್ನಿನಲ್ಲಿ ವಿದ್ಯುತ್ತು ಹರಿಯುವದು. ಒಂಬತ್ತು ಅಡಿಯ ಕಾರ್ಬನ್ ಕೋಲನ್ನು ಎತ್ತಿ ಹಿಡಿದು ತಂತಿಯ ಕೆಳಗೆ ನಡೆದರೆ ಕಬ್ಬಿಣದ ಸಲಾಕೆಯನ್ನು ಎತ್ತಿ ಹಿಡಿದಷ್ಟೇ ಅಪಾಯ. ಪ್ರವಾಹ ಇಳಿದ ಮೇಲೆ ಕಂಬಗಳು ವಾಲಿ ತಂತಿಗಳು ಜೋತುಬಿದ್ದಿರುವದುಂಟು. ಫೈಬರ್‌ಗ್ಲಾಸನ್ನು ಆರಿಸಲು ಇದೂ ಒಂದು ಬಲವಾದ ಕಾರಣ. ಆದರೂ ಒದ್ದೆಯಾದ ಗಾಜಿನ ಕೋಲಾಗಲಿ ಬಿದಿರಾಗಲಿ ನಿರಪಾಯವಲ್ಲ. ತಂತಿಯ ಸಮೀಪದಲ್ಲಿ ಗಾಳ ಬೀಸದಿರುವದೂ, ದಂಡೆಯಲ್ಲಿ ನಡೆಯುವಾಗ ಕೋಲನ್ನು ಬಿಚ್ಚಿ ಅಡ್ಡವಾಗಿ ಹಿಡಿಯುವದೂ ನಿಯಮವಾಗಬೇಕು.

2005, 2019 ಹಾಗೂ 2021ರ ಮಹಾಪೂರಗಳನ್ನು ಈ ತಾಲೂಕುಗಳ ಜನರು ಮರೆತಿಲ್ಲ. ಇಲ್ಲಿ ಮಳೆಯಿಲ್ಲದ ದಿನವೂ ಸಹ್ಯಾದ್ರಿಯ ಮೇಲಿನ ಮಳೆಯಿಂದಲೂ ಕೊಯ್ನಾ ಮುಂತಾದ ಅಣೆಕಟ್ಟುಗಳಿಂದ ಬಿಟ್ಟ ನೀರಿನಿಂದಲೂ ಹೊಳೆಯು ಏರುವದು. ನೀರು ಬಿಡುವ ಸೂಚನೆ ಬಂದ ದಿನ ದೋಣಿ ಇಳಿಸಬಾರದು. ಹುರಿಯನ್ನಾಗಲಿ ದಾರವನ್ನಾಗಲಿ ಕೈಗೆ ಸುತ್ತಿಕೊಳ್ಳಬಾರದು. ದೋಣಿಯಲ್ಲಿ ಹುರಿ ಕೊಯ್ಯುವ ಕತ್ತಿ ಕೈಗೆ ಎಟಕುವಂತಿರಬೇಕು.

ಕೃಷ್ಣೆಯಲ್ಲಿ ಮೊಸಳೆಗಳುಂಟು. ಮೊಣಕಾಲು ನೀರಿನಲ್ಲಿ ನಿಂತು ಗಾಳ ಹಾಕುವದು, ಹಿಡಿದ ಮೀನನ್ನು ಸೊಂಟಕ್ಕೆ ಕಟ್ಟಿಕೊಳ್ಳುವದು, ಮೀನಿನ ಕರುಳನ್ನು ಜನರು ನೀರಿಗಿಳಿಯುವ ಘಟ್ಟದಲ್ಲಿಯೇ ಚೆಲ್ಲುವದು ಇವು ಅಪಾಯವನ್ನು ಕರೆದು ತರುವವು. ಮೊಸಳೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ರಕ್ಷಿಸಲ್ಪಟ್ಟ ಪ್ರಾಣಿಯಾದುದರಿಂದ ಅದನ್ನು ಕೊಲ್ಲುವದು ಅಪರಾಧ. ಕಂಡಲ್ಲಿ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.

ಗ್ರಾಮ ಪ್ರಮುಖರು ಮಾಡಬಹುದಾದ ಕೆಲಸ

ಒಳನಾಡಿನ ಮೀನುಗಾರಿಕೆಗೆ ಕರ್ನಾಟಕದಲ್ಲಿ 1996ರ ಕಾಯಿದೆಯುಂಟು. ಹೊಳೆಯಲ್ಲಿ ಮೀನು ಹಿಡಿಯುವವರು ಮೀನುಗಾರಿಕೆ ಇಲಾಖೆಯನ್ನು ವಿಚಾರಿಸಿ ಬೇಕಾದ ಪರವಾನಿಗೆಯನ್ನು ಪಡೆದಿರಬೇಕು. ಗುತ್ತಿಗೆ ಕೊಟ್ಟ ಕೆರೆಯಲ್ಲಿ ಗುತ್ತಿಗೆದಾರನ ಒಪ್ಪಿಗೆಯಿರಬೇಕು. ಸಿಡಿಮದ್ದು ಹಾಕಿಯೂ ವಿಷ ಬೆರೆಸಿಯೂ ಮೀನು ಹಿಡಿಯುವದನ್ನು 1897ರ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತು. ಗೆಂಡೆ ಜಾತಿಯ ದೊಡ್ಡ ಮೀನುಗಳು ಮುಂಗಾರಿನ ಹೊಸ ನೀರಿಗೆ ಏರಿ ತತ್ತಿಯಿಡುವವು. ಆಗ ತತ್ತಿ ತುಂಬಿದ ಮೀನನ್ನು ಹಿಡಿಯುವದೆಂದರೆ ಬಿತ್ತುವ ಬೀಜವನ್ನು ಕುದಿಸಿ ಉಂಡಂತೆ. ಗಾಳದಲ್ಲಿ ಒಂದು ಗುಣವುಂಟು: ಬಲೆಗೆ ಬಿದ್ದುದೆಲ್ಲ ಸಾಯಬಹುದು; ಗಾಳಕ್ಕೆ ಬಿದ್ದ ಸಣ್ಣ ಮೀನನ್ನು ಒದ್ದೆ ಕೈಯಿಂದ ಬಿಡಿಸಿ ಮತ್ತೆ ನೀರಿಗೆ ಬಿಡಬಹುದು.

ಸಾಮಾನಿನ ವಿಷಯದಲ್ಲಿ ಇನ್ನೊಂದು ಮಾತು. ಒಬ್ಬೊಬ್ಬನು ಸಾಲ ಮಾಡಿ ಬೇರೆ ಬೇರೆ ಜಾತಿಯ ರೀಲುಗಳನ್ನು ಕೊಳ್ಳುವದಕ್ಕಿಂತ, ಒಂದು ಊರಿನ ನಾಲ್ಕೈದು ಮನೆಯವರು ಕೂಡಿ ಒಂದೇ ಮಾದರಿಯ ರೀಲುಗಳನ್ನು ಕೊಂಡರೆ ಒಂದರ ಬಿಡಿ ಭಾಗವು ಇನ್ನೊಂದಕ್ಕೆ ಬರುವದು. ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಗ್ರೀಸಿನ ಡಬ್ಬಿ, ಒಂದು ಇಳಿಗುಂಡಿನ ಹುರಿ ಎಲ್ಲರಿಗೂ ಸಾಲುವವು. ಇಂಥ ಕೂಟಕ್ಕೆ ಮೊದಲ ಹಣವನ್ನು ಒದಗಿಸುವ ಭೂಮಾಲೀಕರು ಅದನ್ನು ಕಂತಿನಲ್ಲಿ ಹಿಂದಕ್ಕೆ ಪಡೆಯಲಿ. ಮುಂಗಡದ ನೆವದಿಂದ ಮೀನನ್ನೆಲ್ಲ ತಮಗೇ ತಮ್ಮ ದರದಲ್ಲಿ ಮಾರಬೇಕೆಂಬ ಕಟ್ಟು ಹಾಕದಿರಲಿ. ಸಾಲದ ಕಟ್ಟಿನಲ್ಲಿ ಸಿಕ್ಕವನಿಗೆ ಒಳ್ಳೆಯ ರೀಲೂ ಉಪಯೋಗಕ್ಕೆ ಬಾರದು.

ಸಾರಾಂಶವಾಗಿ ಹೇಳುವದಾದರೆ, ಆಳದ ಗಾಳಕ್ಕೆ ಬೇಕಾದದ್ದು ಏಳು ಅಡಿಯ, ಎರಡು ತುಂಡಿನ, ಸಮನಾಗಿ ಬಾಗುವ ಫೈಬರ್‌ಗ್ಲಾಸ್ ಕೋಲು. ತಡೆಯು ನಯವಾಗಿ ಜಾರುವ, ಬಿಚ್ಚಿ ಒರೆಸಲು ಬರುವ ಸಾದಾ ರೀಲು. ಪ್ರತಿ ಹಂಗಾಮಿಗೆ ಹೊಸದಾದ ನೈಲಾನು ದಾರ. ಗುಂಡನ್ನು ಹೊಳೆಯ ಕಲ್ಲೇ ಒದಗಿಸುವದು, ರಾಟೆಯ ಕೆಲಸವನ್ನು ಮನುಷ್ಯನ ಕೈ ಮಾಡುವದು. ಇಷ್ಟನ್ನು ನೋಡಿ ಕೊಂಡು ಒರೆಸಿ ಇಟ್ಟುಕೊಂಡವನು ಮರುವರ್ಷ ಅಂಗಡಿಗೆ ಹೋಗುವದು ದಾರಕ್ಕಾಗಿ ಮಾತ್ರ.